ಸ್ತನದ ಅಲ್ಟ್ರಾಸೌಂಡ್ ಸಾಕೇ, ಮ್ಯಾಮೊಗ್ರಾಮ್ ಬೇಕೇ?

ಕಳೆದ ಕೆಲವು ತಿಂಗಳಲ್ಲಿ ಒಂದೇ ಪ್ರಶ್ನೆ ಮೂರು ಕಡೆಯಿಂದ ಬಂತು. ಹರಿಹರದ 28 ವರ್ಷದ ಬಾಣಂತಿಯೊಬ್ಬರಿಗೆ ಎಡಸ್ತನದಲ್ಲಿ ಗಂಟು ಸಿಕ್ಕಿದೆ. ಹಾಲು ಕಟ್ಟಿರಬೇಕೆಂದು ಅತ್ತೆ ಎರಡು ವಾರ ಬಿಸಿನೀರಿನ ಶಾಖ ಕೊಟ್ಟರೂ ಅದು ಕರಗಿಲ್ಲ. ಚಳ್ಳಕೆರೆಯ 47 ವರ್ಷದ ಶಿಕ್ಷಕಿಗೆ ಯಾವ ತೊಂದರೆಯೂ ಇಲ್ಲ, ಆದರೆ ಜೊತೆಯಲ್ಲಿ ಪಾಠ ಮಾಡುತ್ತಿದ್ದವರಿಗೆ ಕ್ಯಾನ್ಸರ್ ಬಂದದ್ದನ್ನು ಕಂಡ ಮೇಲೆ ತಾವೂ ಒಮ್ಮೆ ತೋರಿಸಿಕೊಳ್ಳುವುದು ಒಳ್ಳೆಯದೆನ್ನಿಸಿದೆ. ಹೊಳಲ್ಕೆರೆ ಕಡೆಯ 34 ವರ್ಷದ ಮಹಿಳೆಯ ತಾಯಿಗೂ ಚಿಕ್ಕಮ್ಮನಿಗೂ ಐವತ್ತು ತುಂಬುವ ಮೊದಲೇ ಸ್ತನ ಕ್ಯಾನ್ಸರ್ ಆಗಿತ್ತು. ಮೂವರೂ ಕೇಳಿದ್ದು ಇದನ್ನೇ: "ಅಲ್ಟ್ರಾಸೌಂಡ್ ಮಾಡಿಸಿದರೆ ಸಾಕಲ್ಲವೇ? ಅದರಲ್ಲಿ ವಿಕಿರಣ ಇಲ್ಲ, ಖರ್ಚು ಕಡಿಮೆ, ನಮ್ಮೂರಲ್ಲೇ ಆಗುತ್ತದೆ."

ಅವರು ಹೇಳಿದ ಮೂರು ಕಾರಣಗಳೂ ನಿಜ. ಆದರೂ ಒಬ್ಬರಿಗೆ ಹೌದೆನ್ನಬೇಕು, ಒಬ್ಬರಿಗೆ ಸಾಲದೆನ್ನಬೇಕು, ಇನ್ನೊಬ್ಬರಿಗೆ ಪ್ರಶ್ನೆಯನ್ನೇ ಬದಲಿಸಬೇಕಾಗುತ್ತದೆ. ಯಾವ ಯಂತ್ರ ದೊಡ್ಡದು, ಯಾವುದು ಹೊಸದು ಎಂಬುದರ ಮೇಲೆ ಈ ಉತ್ತರ ನಿಂತಿಲ್ಲ.

ಮೊದಲು ಅಳತೆಗೋಲು

ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದದ್ದು, ಕೈಗೆ ಸಿಗುವ ಅಥವಾ ಕಣ್ಣಿಗೆ ಕಾಣುವ ಬದಲಾವಣೆ ಏನಾದರೂ ಇದೆಯೇ ಎಂಬುದು. ಗಂಟು, ತೊಟ್ಟು ಹೊಸದಾಗಿ ಒಳಕ್ಕೆ ಎಳೆದುಕೊಂಡಿರುವುದು, ತೊಟ್ಟಿನಿಂದ ರಕ್ತ ಬೆರೆತ ಸ್ರಾವ, ಚರ್ಮ ಕಿತ್ತಳೆ ಸಿಪ್ಪೆಯಂತೆ ಗುಳಿಬೀಳುವುದು, ಕಂಕುಳಲ್ಲಿ ಗಡ್ಡೆ, ಇವುಗಳಲ್ಲಿ ಒಂದಿದ್ದರೂ ನಿಮಗೆ ಬೇಕಾದದ್ದು ರೋಗನಿರ್ಣಯ. ಏನೂ ಇಲ್ಲದೆ ಮುನ್ನೆಚ್ಚರಿಕೆಗಾಗಿ ಹೋಗುವುದು ತಪಾಸಣೆ. ಒಂದೇ ಯಂತ್ರ ಈ ಎರಡು ಕೆಲಸಗಳಲ್ಲಿ ಒಂದನ್ನು ಚೆನ್ನಾಗಿ ಮಾಡಿ, ಇನ್ನೊಂದರಲ್ಲಿ ಸೋಲಬಹುದು. ಬಹಳಷ್ಟು ಗೊಂದಲ ಹುಟ್ಟುವುದು ಇವೆರಡನ್ನೂ ಬೆರೆಸಿ ನೋಡುವುದರಿಂದ.

ಎರಡನೆಯದು ವಯಸ್ಸು. ಚಿಕ್ಕ ವಯಸ್ಸಿನಲ್ಲಿ ಸ್ತನದ ಊತಕ, ಅಂದರೆ ಒಳಗಿನ ಅಂಗಾಂಶ, ಸಾಮಾನ್ಯವಾಗಿ ದಟ್ಟವಾಗಿರುತ್ತದೆ, ವಯಸ್ಸಾದಂತೆ ಅದರ ಜಾಗದಲ್ಲಿ ಕೊಬ್ಬು ಹೆಚ್ಚುತ್ತದೆ, ಮತ್ತು ಈ ಬದಲಾವಣೆಯೇ ಯಾವ ಚಿತ್ರ ಸ್ಪಷ್ಟವಾಗಿ ಬರುತ್ತದೆಂಬುದನ್ನು ನಿರ್ಧರಿಸುತ್ತದೆ. ಮೂರನೆಯದು, ಆ ಪರೀಕ್ಷೆ ಯಾವುದನ್ನು ಬಿಟ್ಟುಬಿಡುತ್ತದೆ, ಇಲ್ಲದ್ದನ್ನು ಇದೆಯೆಂದು ಎಷ್ಟು ಸಲ ಹೆದರಿಸುತ್ತದೆ ಎಂಬ ಲೆಕ್ಕ. ನಾಲ್ಕನೆಯದನ್ನು ನಮ್ಮ ಕಡೆ ಯಾರೂ ಕೇಳುವುದಿಲ್ಲ, ನಾನು ಮಾತ್ರ ಹಣಕ್ಕಿಂತ ಮುಂದೆ ಇಡುತ್ತೇನೆ: ಅನುಮಾನ ಬಂದರೆ ಮುಂದಿನ ಹೆಜ್ಜೆಯಾದ, ಗಂಟಿನಿಂದ ಚೂರು ತೆಗೆಯುವ ಸೂಜಿ ಪರೀಕ್ಷೆ ಅದೇ ಕಡೆ ಆಗುತ್ತದೆಯೇ? ಕೊನೆಯದಾಗಿ ಹಣ ಮತ್ತು ಒಂದು ದಿನದ ಕೂಲಿ.

ಅಲ್ಟ್ರಾಸೌಂಡ್: ಏನು ಕಾಣುತ್ತದೆ, ಏನು ಕಾಣದು

ಶಬ್ದದ ಅಲೆಗಳನ್ನು ಒಳಗೆ ಕಳಿಸಿ ಮರುಧ್ವನಿಯಿಂದ ಚಿತ್ರ ಕಟ್ಟುವ ಯಂತ್ರವಿದು. ವಿಕಿರಣವಿಲ್ಲದ್ದರಿಂದ ಗರ್ಭಿಣಿಗೂ ಬಾಣಂತಿಗೂ ಅಡ್ಡಿಯಿಲ್ಲ. ಹೊಟ್ಟೆಯ ಸ್ಕ್ಯಾನಿನ ರೂಢಿಯಿಂದ ಎಷ್ಟೋ ಮಹಿಳೆಯರು ಉಪವಾಸ ಬರುತ್ತಾರೆ, ಇಲ್ಲವೇ ಬಾಟಲಿಗಟ್ಟಲೆ ನೀರು ಕುಡಿದು ಮೂತ್ರ ತಡೆದುಕೊಂಡು ಸಾಲಿನಲ್ಲಿ ಕೂತಿರುತ್ತಾರೆ. ಸ್ತನದ ಸ್ಕ್ಯಾನಿಗೆ ಎರಡೂ ಬೇಡ. ತಿಂಡಿ ತಿಂದು ಹೋಗಬಹುದು. ಮಂಚದ ಮೇಲೆ ತುಸು ವಾರೆಯಾಗಿ ಮಲಗಿಸಿ, ಆ ಬದಿಯ ಕೈಯನ್ನು ತಲೆಯ ಮೇಲಿಡಿಸಿ, ತಣ್ಣನೆಯ ಜೆಲ್ ಹಚ್ಚಿ, ಗಡಿಯಾರದ ಮುಳ್ಳು ಸುತ್ತಿದಂತೆ ಪ್ರೋಬ್ ಎಂಬ ಕೈಯಲ್ಲಿ ಹಿಡಿಯುವ ಸಾಧನವನ್ನು ತೊಟ್ಟಿನ ಸುತ್ತ ಆಡಿಸುತ್ತಾರೆ, ಕೊನೆಗೆ ಕಂಕುಳನ್ನೂ ನೋಡುತ್ತಾರೆ. ಕಂಕುಳನ್ನು ನೋಡದೆ ಮುಗಿಸಿದರೆ ಕೇಳಿ. ಅದು ಕೆಲಸದ ಅರ್ಧ ಭಾಗವಲ್ಲದಿದ್ದರೂ ಬಿಡಬಹುದಾದ ಭಾಗವಂತೂ ಅಲ್ಲ.

ಪರದೆಯ ಮೇಲೆ ಸರಳ ನೀರುಗುಳ್ಳೆ ನಯವಾದ ಅಂಚಿನ ಕಡುಗಪ್ಪು ಹೊಂಡದಂತೆ ಕಾಣುತ್ತದೆ, ಅದರ ಹಿಂಬದಿ ಬೆಳ್ಳಗೆ ಹೊಳೆಯುತ್ತದೆ. ಹರೆಯದ ಹುಡುಗಿಯರಲ್ಲಿ ಹೆಚ್ಚಾಗಿ ಸಿಗುವ, ಕ್ಯಾನ್ಸರ್ ಅಲ್ಲದ ಫೈಬ್ರೊಅಡಿನೋಮಾ ಗಂಟು ಅಡ್ಡ ಮಲಗಿದ ಶೇಂಗಾಬೀಜದಂತೆ ಉದ್ದುರುಟಾಗಿ, ಅಂಚು ಕಟ್ಟಿ ಕೂತಿರುತ್ತದೆ. ಅನುಮಾನದ ಗಂಟಿನ ಅಂಚು ಕೆದರಿರುತ್ತದೆ, ಅದರ ಅಗಲಕ್ಕಿಂತ ಎತ್ತರ ಹೆಚ್ಚಿರುತ್ತದೆ, ಹಿಂದೆ ನೆರಳು ಬೀಳುತ್ತದೆ. ಕೈಗೆ ಸಿಕ್ಕ ಗಂಟು ನೀರಿನದೋ ಗಟ್ಟಿಯದೋ ಎಂದು ಹೇಳುವುದರಲ್ಲಿ ಅಲ್ಟ್ರಾಸೌಂಡಿಗೆ ಸಾಟಿಯಿಲ್ಲ. ಸೂಜಿ ಒಳಗೆ ಹೋಗುವುದನ್ನು ಆ ಕ್ಷಣದಲ್ಲೇ ನೋಡುತ್ತ ಸರಿಯಾದ ಜಾಗದಿಂದ ಚೂರು ತೆಗೆಯಲೂ ಇದೇ ಯಂತ್ರ ನೆರವಾಗುತ್ತದೆ.

ಇದರ ದೊಡ್ಡ ಕುಂದು ಸುಣ್ಣದ ಕಣಗಳ ವಿಷಯದಲ್ಲಿದೆ. ಹಾಲಿನ ನಾಳದೊಳಗೇ ಇದ್ದು ಇನ್ನೂ ಹೊರಬಾರದ ಅತಿ ಮೊದಲ ಹಂತದ ಕ್ಯಾನ್ಸರ್, ಎಷ್ಟೋ ಸಲ ಉಪ್ಪಿನ ಹರಳಿನಂಥ ಸೂಕ್ಷ್ಮ ಸುಣ್ಣದ ಚುಕ್ಕಿಗಳ ಗುಂಪಾಗಿ ಮಾತ್ರ ಸುಳಿವು ಕೊಡುತ್ತದೆ. ಮ್ಯಾಮೊಗ್ರಾಮಿನಲ್ಲಿ ಕಾಣುವ ಈ ಚುಕ್ಕಿಗಳು ಅಲ್ಟ್ರಾಸೌಂಡಿನ ಕಣ್ಣಿಗೆ ಬಹುತೇಕ ಬೀಳುವುದಿಲ್ಲ. ಎರಡನೆಯ ಕುಂದು ಯಂತ್ರದ್ದಲ್ಲ, ಕೈಯದು. ಮ್ಯಾಮೊಗ್ರಾಮಿನ ಚಿತ್ರವನ್ನು ನಾಳೆ ಇನ್ನೊಬ್ಬರು ಕೂತು ಮತ್ತೆ ನೋಡಬಹುದು. ಅಲ್ಟ್ರಾಸೌಂಡಿನಲ್ಲಿ ಪ್ರೋಬ್ ಹೋಗದ ಜಾಗದ ಚಿತ್ರ ಯಾರ ಬಳಿಯೂ ಇರುವುದಿಲ್ಲ. ಆದ್ದರಿಂದ ಹೊಟ್ಟೆ ನೋಡುವ ಬಾಗಿದ ಪ್ರೋಬನ್ನೇ ಎದೆಯ ಮೇಲೂ ಆಡಿಸುವ ಕಡೆ ಮಾಡಿಸಬೇಡಿ. ಸ್ತನಕ್ಕೆ ನೇರ ಅಂಚಿನ, ಹೆಚ್ಚು ಆವರ್ತನದ ಲೀನಿಯರ್ ಪ್ರೋಬ್ ಬೇಕು, 12 ಮೆಗಾಹರ್ಟ್ಸ್ ಆಸುಪಾಸಿನದಾದರೆ ಒಳ್ಳೆಯದು. ಫೋನಿನಲ್ಲೇ ಕೇಳಿದರೆ ಹೇಳುತ್ತಾರೆ, ಹೇಳಲು ತಡವರಿಸಿದರೆ ಅದೂ ಒಂದು ಉತ್ತರ.

ಸ್ಕ್ಯಾನಿಂಗ್ ಸೆಂಟರಿನ ಗೋಡೆಯ ಮೇಲೆ ಭ್ರೂಣಲಿಂಗ ಪತ್ತೆ ಅಪರಾಧವೆಂಬ ಫಲಕ ಇದ್ದೇ ಇರುತ್ತದೆ. 1994ರ ಆ ಕಾಯ್ದೆಯ ಬಿಗಿಯಿಂದಾಗಿ ನಮ್ಮಲ್ಲಿ ಪ್ರೋಬ್ ಹಿಡಿಯುವವರು ತಂತ್ರಜ್ಞರಲ್ಲ, ವೈದ್ಯರೇ. ಇದರಲ್ಲೊಂದು ಅನುಕೂಲವಿದೆ: ಗಂಟು ಎಲ್ಲಿದೆಯೆಂದು ನಿಮ್ಮ ಬೆರಳಿನಿಂದಲೇ ತೋರಿಸಿ, ಅಲ್ಲಿಯೇ ಸ್ಪಷ್ಟೀಕರಣ ಕೇಳಬಹುದು. ಮಹಿಳಾ ರೇಡಿಯಾಲಜಿಸ್ಟ್ ಯಾವ ದಿನ ಇರುತ್ತಾರೆಂದು ಮೊದಲೇ ವಿಚಾರಿಸುವುದರಲ್ಲಿ ಸಂಕೋಚ ಬೇಡ. ಸಂಕೋಚದಿಂದಲೇ ತಿಂಗಳುಗಟ್ಟಲೆ ಮುಂದೂಡಿದವರನ್ನು ನಾನು ಕಂಡಿದ್ದೇನೆ.

ಮ್ಯಾಮೊಗ್ರಾಮ್

ಇದು ಕಡಿಮೆ ಪ್ರಮಾಣದ ಎಕ್ಸ್‌ರೇ. ಎರಡು ಹಲಗೆಗಳ ನಡುವೆ ಸ್ತನವನ್ನು ಒತ್ತಿ, ಪ್ರತಿ ಬದಿಗೆ ಎರಡರಂತೆ ನಾಲ್ಕು ಚಿತ್ರ ತೆಗೆಯುತ್ತಾರೆ. ನೋವಾಗುವುದು ನಿಜ, ಆದರೆ ಕೆಲವು ಸೆಕೆಂಡು ಮಾತ್ರ. ಮುಟ್ಟು ನಿಲ್ಲದವರು ಮುಟ್ಟು ಮುಗಿದ ವಾರದಲ್ಲಿ ಹೋದರೆ ನೋವು ಕಡಿಮೆ. ಅಂದು ಕಂಕುಳಿಗೆ ಪೌಡರ್ ಹಾಕಬಾರದು, ಏಕೆಂದರೆ ಅದರ ಕಣಗಳು ಚಿತ್ರದಲ್ಲಿ ಸುಣ್ಣದ ಚುಕ್ಕಿಯಂತೆ ಮೂಡಿ ದಾರಿ ತಪ್ಪಿಸಬಹುದು. ಉದ್ದ ನೈಟಿ ತೊಟ್ಟು ಹೋಗುವುದಕ್ಕಿಂತ ಸೀರೆ ರವಿಕೆಯೇ ಅನುಕೂಲ, ಮೇಲುಡುಪು ಮಾತ್ರ ತೆಗೆದರಾಯಿತು.

ವಿಕಿರಣದ ಭಯಕ್ಕೆ ಒಂದು ಲೆಕ್ಕ ಹೇಳುತ್ತೇನೆ. ಎರಡೂ ಸ್ತನಗಳ ಮ್ಯಾಮೊಗ್ರಾಮಿನಲ್ಲಿ ದೇಹಕ್ಕೆ ತಗಲುವುದು ಸುಮಾರು 0.4 ಮಿಲಿಸೀವರ್ಟ್. ಭೂಮಿಯಿಂದ, ಗಾಳಿಯಿಂದ, ಆಕಾಶದಿಂದ ಮನುಷ್ಯನಿಗೆ ಸಹಜವಾಗಿ ತಗಲುವ ವಿಕಿರಣದ ಜಾಗತಿಕ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್. ಅಂದರೆ ಎರಡು ತಿಂಗಳು ಸುಮ್ಮನೆ ಬದುಕಿದ್ದಕ್ಕೆ ಬೀಳುವಷ್ಟು. ನಲವತ್ತು ದಾಟಿದವರು ಈ ಕಾರಣಕ್ಕೆ ಮ್ಯಾಮೊಗ್ರಾಮ್ ಬಿಡುವುದು ತಪ್ಪು ಲೆಕ್ಕ.

ತೊಂದರೆ ಇರುವುದು ದಟ್ಟ ಊತಕದಲ್ಲಿ. ಮ್ಯಾಮೊಗ್ರಾಮಿನಲ್ಲಿ ಕೊಬ್ಬು ಕಪ್ಪಾಗಿಯೂ ದಟ್ಟ ಊತಕ ಬೆಳ್ಳಗೂ ಕಾಣುತ್ತದೆ, ಗಂಟು ಕೂಡ ಬಿಳಿಯೇ. ಹತ್ತಿಯ ರಾಶಿಯಲ್ಲಿ ಬಿದ್ದ ಹತ್ತಿಯುಂಡೆಯನ್ನು ಹುಡುಕಿದಂತೆ, ಎಂದರೆ ಮಿಲ್ಲುಗಳ ಊರಾಗಿದ್ದ ದಾವಣಗೆರೆಯವರಿಗೆ ಬೇರೆ ವಿವರಣೆ ಬೇಡ. ರಿಪೋರ್ಟಿನಲ್ಲಿ ಸಾಂದ್ರತೆಯನ್ನು ಎ, ಬಿ, ಸಿ, ಡಿ ಎಂದು ನಮೂದಿಸುತ್ತಾರೆ. ಸಿ ಅಥವಾ ಡಿ ಇದ್ದವರಿಗೆ ಮ್ಯಾಮೊಗ್ರಾಮ್ ಒಂದೇ ಸಾಲದಾಗಬಹುದು. ಭಾರತದಲ್ಲಿ ಈ ರೋಗ ಪಾಶ್ಚಾತ್ಯ ದೇಶಗಳಿಗಿಂತ ಸರಿಸುಮಾರು ಹತ್ತು ವರ್ಷ ಮೊದಲೇ ಕಾಣಿಸಿಕೊಳ್ಳುವುದರಿಂದ ಈ ಮಾತಿಗೆ ನಮ್ಮಲ್ಲಿ ತೂಕ ಹೆಚ್ಚು.

ಎರಡನ್ನೂ ಸೇರಿಸಿದರೆ ಏನಾಗುತ್ತದೆ ಎಂಬುದಕ್ಕೆ ಜಪಾನಿನ ಅಧ್ಯಯನವೊಂದು ಒಳ್ಳೆಯ ಉತ್ತರ ಕೊಟ್ಟಿದೆ. 40ರಿಂದ 49 ವರ್ಷದ ಸುಮಾರು 73,000 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮ್ಯಾಮೊಗ್ರಾಮ್ ಮಾತ್ರ, ಇನ್ನೊಂದಕ್ಕೆ ಅಲ್ಟ್ರಾಸೌಂಡನ್ನೂ ಸೇರಿಸಿ ಮಾಡಿದ ಆ ಅಧ್ಯಯನದ ಮೊದಲ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಮ್ಯಾಮೊಗ್ರಾಮ್ ಒಂದೇ ಇದ್ದಾಗ ನೂರು ಕ್ಯಾನ್ಸರುಗಳಲ್ಲಿ 77 ಸಿಕ್ಕವು, ಎರಡೂ ಇದ್ದಾಗ 91. ಆದರೆ ಕ್ಯಾನ್ಸರ್ ಇಲ್ಲದ ನೂರು ಮಂದಿಯಲ್ಲಿ ಸುಮ್ಮನೆ ಅನುಮಾನಕ್ಕೊಳಗಾದವರು ಸುಮಾರು 9ರಿಂದ 12ಕ್ಕೆ ಏರಿದರು. ಆ ಹೆಚ್ಚುವರಿ ಮೂವರ ಪಾಡೂ ಲೆಕ್ಕಕ್ಕೆ ಬರಬೇಕು: ಮತ್ತೊಂದು ಸುತ್ತು, ಬಹುಶಃ ಸೂಜಿ, ವರದಿ ಬರುವವರೆಗೆ ನಿದ್ದೆಯಿಲ್ಲದ ರಾತ್ರಿಗಳು. ಇನ್ನೊಂದು ಮಾತನ್ನೂ ಗಮನಿಸಬೇಕು. ಆ ಅಧ್ಯಯನದಲ್ಲಿ ಅಲ್ಟ್ರಾಸೌಂಡನ್ನು ಮ್ಯಾಮೊಗ್ರಾಮಿಗೆ ಸೇರಿಸಿದ್ದರೇ ಹೊರತು ಅದರ ಬದಲಿಗೆ ಇಟ್ಟಿರಲಿಲ್ಲ. ತಪಾಸಣೆಯಿಂದ ಸಾವು ಕಡಿಮೆಯಾಗುತ್ತದೆಂದು ದೊಡ್ಡ ಪ್ರಯೋಗಗಳಲ್ಲಿ ತೋರಿಸಿಕೊಟ್ಟ ಚಿತ್ರ ಪರೀಕ್ಷೆ ಮ್ಯಾಮೊಗ್ರಾಮ್. ಅಲ್ಟ್ರಾಸೌಂಡ್ ಒಂದನ್ನೇ ಇಟ್ಟುಕೊಂಡು ಹಾಗೆ ತೋರಿಸಿದ ಪ್ರಯೋಗವಿಲ್ಲ.

ಬೆರಳಿನ ಪರೀಕ್ಷೆ, ಎಂಆರ್‌ಐ, ಮತ್ತು ಬೇಡವಾದವು

ಯಂತ್ರವೇ ಇಲ್ಲದ ಆಯ್ಕೆಯೊಂದಿದೆ: ತರಬೇತಾದ ವೈದ್ಯೆ ಅಥವಾ ಆರೋಗ್ಯ ಕಾರ್ಯಕರ್ತೆ ಕೈಯಿಂದ ಪರೀಕ್ಷಿಸುವುದು. ಕೇಂದ್ರ ಸರ್ಕಾರ 2016ರಲ್ಲಿ ರೂಪಿಸಿದ ಕಾರ್ಯಸೂಚಿಯಲ್ಲಿ 30ರಿಂದ 65 ವರ್ಷದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ಹೇಳಿರುವುದು ಈ ಪರೀಕ್ಷೆಯನ್ನೇ. ಇದನ್ನು ಬಡವರ ಪರೀಕ್ಷೆ ಎಂದು ಮೂಗು ಮುರಿಯುವವರಿದ್ದಾರೆ. ಮುಂಬೈಯ ಟಾಟಾ ಮೆಮೋರಿಯಲ್ ಸಂಸ್ಥೆಯವರು ಒಂದೂವರೆ ಲಕ್ಷ ಮಹಿಳೆಯರನ್ನು ಇಪ್ಪತ್ತು ವರ್ಷ ಹಿಂಬಾಲಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿದರೆ ಆ ಮಾತು ಹಿಂದಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಿದ ಗುಂಪಿನಲ್ಲಿ ರೋಗ ಮೊದಲ ಹಂತಗಳಲ್ಲೇ ಸಿಕ್ಕಿತು, ಐವತ್ತು ದಾಟಿದವರಲ್ಲಿ ಸಾವು ಶೇ. 30ರ ಹತ್ತಿರ ಇಳಿಯಿತು. ಐವತ್ತರೊಳಗಿನವರಲ್ಲಿ ಮಾತ್ರ ಸಾವಿನ ಪ್ರಮಾಣ ಇಳಿಯಲಿಲ್ಲ. ಹಾಗಾಗಿ ಮೊಳಕಾಲ್ಮೂರಿನ ಹಳ್ಳಿಯೊಂದರಲ್ಲಿ ಕೂಲಿ ಬಿಟ್ಟು ಪದೇ ಪದೇ ದೂರ ಹೋಗಲಾಗದ 58 ವರ್ಷದ ತಾಯಿಗೆ, ಏನೂ ಮಾಡಿಸದಿರುವುದಕ್ಕಿಂತ ಆರೋಗ್ಯ ಕೇಂದ್ರದ ಈ ಪರೀಕ್ಷೆ ಎಷ್ಟೋ ಮೇಲು.

ಎಂಆರ್‌ಐ ಎಲ್ಲಕ್ಕಿಂತ ಹೆಚ್ಚು ಹಿಡಿಯುತ್ತದೆ, ಎಲ್ಲಕ್ಕಿಂತ ದುಬಾರಿ, ಗ್ಯಾಡೋಲಿನಿಯಂ ಔಷಧವನ್ನು ನರಕ್ಕೆ ಕೊಡಬೇಕಾದ್ದರಿಂದ ಮೂತ್ರಪಿಂಡದ ತೊಂದರೆ ಇರುವವರು ಮೊದಲೇ ತಿಳಿಸಬೇಕು. ಇದು ಬಿಆರ್‌ಸಿಎ 1, ಬಿಆರ್‌ಸಿಎ 2 ಜೀನುಗಳಲ್ಲಿ ಸ್ತನ ಕ್ಯಾನ್ಸರಿನ ಅಪಾಯ ಹೆಚ್ಚಿಸುವ ದೋಷವಿರುವವರಿಗೂ ಮನೆತನದ ಚರಿತ್ರೆ ಗಟ್ಟಿಯಾಗಿರುವವರಿಗೂ ಮೀಸಲು. ಸಾಮಾನ್ಯ ಅಪಾಯದವರು ಹಣವಿದೆಯೆಂದು ಮಾಡಿಸಿಕೊಂಡರೆ ಹುಸಿ ಅನುಮಾನವನ್ನು ದುಡ್ಡು ಕೊಟ್ಟು ಕೊಂಡಂತೆ.

ಚರ್ಮದ ಶಾಖ ಅಳೆದು ಕ್ಯಾನ್ಸರ್ ಹೇಳುತ್ತೇವೆನ್ನುವ ಥರ್ಮಲ್ ಚಿತ್ರವನ್ನಾಗಲಿ, ಸಿಎ 15-3 ಎಂಬ ರಕ್ತಪರೀಕ್ಷೆಯನ್ನಾಗಲಿ ಇವುಗಳ ಬದಲಿಗೆ ಆರಿಸಬೇಡಿ.

ಸೂಜಿ ಮತ್ತು ರಿಪೋರ್ಟು

ಯಾವ ಚಿತ್ರವೂ ಕ್ಯಾನ್ಸರನ್ನು ಖಚಿತಪಡಿಸುವುದಿಲ್ಲ. ಅದನ್ನು ಮಾಡುವುದು ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ. ಸಣ್ಣ ಸೂಜಿಯ ಎಫ್‌ಎನ್‌ಎಸಿ ಬಿಡಿ ಜೀವಕೋಶಗಳನ್ನು ಹೀರುತ್ತದೆ, ಬೇಗ ಆಗುತ್ತದೆ, ಅಗ್ಗ. ಕೋರ್ ಬಯಾಪ್ಸಿ ತುಸು ದಪ್ಪ ಸೂಜಿಯಿಂದ ಎಳೆಯಷ್ಟು ಊತಕವನ್ನೇ ತೆಗೆಯುತ್ತದೆ, ಮುಂದಿನ ಚಿಕಿತ್ಸೆಗೆ ಬೇಕಾದ ಹಾರ್ಮೋನ್ ಗ್ರಾಹಕಗಳ ಪರೀಕ್ಷೆಯೂ ಅದರಿಂದಲೇ ಸಮರ್ಪಕವಾಗಿ ಆಗುತ್ತದೆ. ಅನುಮಾನ ಬಲವಾಗಿದ್ದರೆ ನಾನು ಕೋರ್ ಬಯಾಪ್ಸಿಯನ್ನೇ ಕೇಳಿ ಎನ್ನುತ್ತೇನೆ; ಉಳಿಸಿದ ಹಣ ಎರಡನೆಯ ಸಲದ ಸೂಜಿಗೆ ಹೋಗುವುದು ಅಪರೂಪವಲ್ಲ. ಸೂಜಿ ಚುಚ್ಚಿದರೆ ರೋಗ ಹರಡುತ್ತದೆಂಬ ಮಾತು ಜಾತ್ರೆಯಿಂದ ಜಾತ್ರೆಗೆ ಸಾಗುತ್ತಲೇ ಇದೆ. ಆ ಭಯಕ್ಕೆ ಆಧಾರವಿಲ್ಲ. ಆ ಭಯದಿಂದ ಕಳೆದ ತಿಂಗಳುಗಳಲ್ಲಿ ರೋಗ ಹರಡಬಹುದು.

ರಿಪೋರ್ಟಿನ ಕೊನೆಯಲ್ಲಿ ಬೈರಾಡ್ಸ್ ಎಂಬ ಅಂಕಿ ಇರುತ್ತದೆ. ಸೊನ್ನೆ ಎಂದರೆ ಏನೂ ಇಲ್ಲವೆಂದು ಸಂತೋಷಪಟ್ಟು ಮನೆಗೆ ಹೋದವರಿದ್ದಾರೆ. ಸೊನ್ನೆಯ ಅರ್ಥ, ಈ ಚಿತ್ರದಿಂದ ತೀರ್ಮಾನ ಸಾಧ್ಯವಿಲ್ಲ, ಇನ್ನೊಂದು ಚಿತ್ರ ಬೇಕು ಎಂದು. 1 ಮತ್ತು 2 ನೆಮ್ಮದಿಯವು. 3 ಎಂದರೆ ಕ್ಯಾನ್ಸರಿನ ಸಾಧ್ಯತೆ ಶೇ. 2ನ್ನು ಮೀರದು, ಸಾಮಾನ್ಯವಾಗಿ ಆರು ತಿಂಗಳಿಗೆ ಮತ್ತೆ ನೋಡಬೇಕು. 4 ಬಂದರೆ ಸೂಜಿ ಪರೀಕ್ಷೆ. ಆದರೆ 4 ಎ ಎಂದಿದ್ದರೆ ಸಾಧ್ಯತೆ ಶೇ. 2ರಿಂದ 10, ಅಂದರೆ ಹತ್ತರಲ್ಲಿ ಒಂಬತ್ತು ಮಂದಿಗಾದರೂ ಅದು ಕ್ಯಾನ್ಸರ್ ಆಗಿರುವುದಿಲ್ಲ. 5ರಲ್ಲಿ ಸಾಧ್ಯತೆ ಶೇ. 95ಕ್ಕೂ ಮೇಲೆ.

ಗಂಟಿನ ಜಾಗವನ್ನು ಗಡಿಯಾರದ ಲೆಕ್ಕದಲ್ಲಿ, ತೊಟ್ಟಿನಿಂದ ಎಷ್ಟು ಸೆಂಟಿಮೀಟರ್ ದೂರ ಎಂದು, ಅಳತೆಯನ್ನು ಮಿಲಿಮೀಟರಿನಲ್ಲಿ ಬರೆದಿರಬೇಕು. ನಮ್ಮ ಅಕ್ಕನ ಮೊದಲ ರಿಪೋರ್ಟಿನಲ್ಲಿ "ಬಲಸ್ತನದಲ್ಲಿ ಸಣ್ಣ ಗಂಟು" ಎಂಬರ್ಥದ ಒಂದೇ ಸಾಲಿತ್ತು. ಆರು ತಿಂಗಳ ನಂತರ ಬೇರೆ ಕಡೆ ತೋರಿಸಿದಾಗ ವೈದ್ಯೆ ಎರಡು ಗಂಟು ಕಂಡರು; ಹಳೆಯದು ಯಾವುದು, ಹೊಸದು ಯಾವುದು, ಬೆಳೆದಿದೆಯೋ ಇಲ್ಲವೋ, ಒಂದೂ ತಿಳಿಯಲಿಲ್ಲ. ಎರಡಕ್ಕೂ ಸೂಜಿ ಹಾಕಿಸಿಕೊಳ್ಳಬೇಕಾಯಿತು. ಎರಡೂ ಫೈಬ್ರೊಅಡಿನೋಮಾ ಎಂದು ಬಂದದ್ದು ನಮ್ಮ ಪುಣ್ಯ, ಆದರೆ ಆ ಹತ್ತು ದಿನ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ.

ಒಂದು ಮಾತನ್ನು ಬಿಟ್ಟರೆ ಇಷ್ಟು ಬರೆದದ್ದೂ ವ್ಯರ್ಥ. ಕೈಗೆ ಗಂಟು ಸಿಗುತ್ತಿದ್ದು, ಸ್ಕ್ಯಾನ್ ಮತ್ತು ಮ್ಯಾಮೊಗ್ರಾಮ್ ಎರಡೂ ಸರಿಯಿದೆಯೆಂದರೂ ವಿಷಯ ಅಲ್ಲಿಗೆ ಮುಗಿಯುವುದಿಲ್ಲ. ರಿಪೋರ್ಟನ್ನು ಶಸ್ತ್ರಚಿಕಿತ್ಸಕರಿಗೆ ತೋರಿಸಿ, ಆ ಗಂಟು ಏನೆಂಬುದಕ್ಕೆ ಅವರಿಂದ ಉತ್ತರ ಪಡೆಯಲೇಬೇಕು.

ಎಲ್ಲಿ, ಎಷ್ಟರಲ್ಲಿ

ಖಾಸಗಿಯಲ್ಲಿ ಅಲ್ಟ್ರಾಸೌಂಡಿಗಿಂತ ಮ್ಯಾಮೊಗ್ರಾಮಿನ ದರ ಹೆಚ್ಚು, ಎಂಆರ್‌ಐ ಇವೆರಡರ ಹಲವು ಪಟ್ಟು. ತಾಲ್ಲೂಕು ಕೇಂದ್ರದಲ್ಲಿ ಸ್ಕ್ಯಾನ್ ಅಗ್ಗವಾಗಿ ಆಗಬಹುದು, ಆದರೆ ಅನುಮಾನ ಬಂದಾಗ ಸೂಜಿಗೆ ಬೇರೆ ಊರು, ಅಲ್ಲಿ ಅದೇ ಸ್ಕ್ಯಾನನ್ನು ಮತ್ತೆ ಮಾಡಿಸುವ ಪ್ರಸಂಗ, ಎರಡು ಸಲದ ಕೂಲಿ ನಷ್ಟ, ಜೊತೆಗೆ ಬರುವವರ ಖರ್ಚು ಎಲ್ಲವನ್ನೂ ಕೂಡಿಸಿದರೆ ಮೊದಲೇ ದಾವಣಗೆರೆ ಅಥವಾ ಚಿತ್ರದುರ್ಗದ ದೊಡ್ಡಾಸ್ಪತ್ರೆಗೆ ಹೋದವರಿಗೇ ಕಡಿಮೆ ಬಿದ್ದಿರುತ್ತದೆ. ಜಿಲ್ಲಾ ಆಸ್ಪತ್ರೆಯ ಅಥವಾ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಹೊರರೋಗಿ ವಿಭಾಗದಲ್ಲಿ ಮೊದಲು ಚೀಟಿ ಮಾಡಿಸಿ, ಅವರು ಬರೆದ ಪರೀಕ್ಷೆಯನ್ನು ಮಾಡಿಸುವುದು ನನಗೆ ಸರಿಯೆನಿಸುವ ದಾರಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ನೆರವಾಗುವ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಮುಂದೆ ಚಿಕಿತ್ಸೆಗೆ ಬೇಕಾದರೂ ಸರ್ಕಾರಿ ಆಸ್ಪತ್ರೆಯ ಕಾಗದಪತ್ರ ಕೈಯಲ್ಲಿರುವುದು ಲೇಸು. ಹೊರಗೆ ಸ್ವಂತ ಹಣದಲ್ಲಿ ಮಾಡಿಸಿದ ಸ್ಕ್ಯಾನಿನ ದುಡ್ಡು ಅದರಿಂದ ಹಿಂದಿರುಗುತ್ತದೆಂದು ಎಣಿಸಬೇಡಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೇ ಹೋಗಬೇಕಾದರೆ ದಾವಣಗೆರೆಯಿಂದ ಬೆಂಗಳೂರು ಸುಮಾರು 260 ಕಿಲೋಮೀಟರ್, ಚಿತ್ರದುರ್ಗದಿಂದ 200. 2023ರ ಜೂನ್‌ನಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಮಹಿಳೆಯರಿಗೆ ಟಿಕೆಟ್ ಇಲ್ಲ, ನಮ್ಮ ಕಡೆ ಹೆಚ್ಚು ಓಡುವ ಖಾಸಗಿ ಬಸ್ಸಿಗೆ ಆ ಸೌಲಭ್ಯವಿಲ್ಲ.

ಇನ್ನು ಆ ಮೂವರು. ಹರಿಹರದ ಬಾಣಂತಿಗೆ ಅಲ್ಟ್ರಾಸೌಂಡೇ ಸರಿ, ಅದೂ ಈ ವಾರವೇ. ಮೂವತ್ತರೊಳಗಿನವರಿಗೆ ಅದೇ ಮೊದಲ ಪರೀಕ್ಷೆ. ಸ್ಕ್ಯಾನಿಗೆ ಮೊದಲು ಮಗುವಿಗೆ ಹಾಲುಣಿಸಿದರೆ ಚಿತ್ರ ಚೆನ್ನಾಗಿ ಬರುತ್ತದೆ, ಹಾಲು ಬಿಡಿಸುವ ಅಗತ್ಯವಿಲ್ಲ. ಗಟ್ಟಿ ಗಂಟೆಂದು ಬಂದು ವೈದ್ಯರು ಸೂಜಿ ಹೇಳಿದರೆ ಮಗು ಹಾಲು ಬಿಡುವವರೆಗೆ ಕಾಯಬಾರದು. ಚಳ್ಳಕೆರೆಯ ಶಿಕ್ಷಕಿ ಮ್ಯಾಮೊಗ್ರಾಮಿನಿಂದ ಆರಂಭಿಸಲಿ. ಸಾಂದ್ರತೆ ಸಿ ಅಥವಾ ಡಿ ಬಂದರೆ ಮಾತ್ರ ಅಲ್ಟ್ರಾಸೌಂಡಿಗೂ ಹಣ ಹಾಕಲಿ, ಎ ಅಥವಾ ಬಿ ಬಂದರೆ ಆ ಹಣವನ್ನು ಮುಂದಿನ ಸಲದ ಮ್ಯಾಮೊಗ್ರಾಮಿಗೆ ಎತ್ತಿಡಲಿ. ಹೊಳಲ್ಕೆರೆಯವರು ಯಾವ ಸ್ಕ್ಯಾನ್ ಎಂದು ಕೇಳುವ ಮೊದಲು ಕ್ಯಾನ್ಸರ್ ತಜ್ಞರನ್ನು ಕಂಡು ಜೀನ್ ಪರೀಕ್ಷೆಯ ಮಾತು ತೆಗೆಯಬೇಕು. ಸಾಧ್ಯವಾದರೆ ಆ ಪರೀಕ್ಷೆ ಮೊದಲು ತಾಯಿಗೋ ಚಿಕ್ಕಮ್ಮನಿಗೋ ಆಗಬೇಕು, ಏಕೆಂದರೆ ರೋಗ ಬಂದವರಲ್ಲಿ ದೋಷ ಸಿಕ್ಕರೆ ಇವರಲ್ಲಿ ಹುಡುಕುವುದು ಸುಲಭ. ದೋಷ ಇವರಿಗೂ ಇದ್ದರೆ ಈ ವಯಸ್ಸಿನಲ್ಲಿ ಪ್ರತಿ ವರ್ಷ ಎಂಆರ್‌ಐ ಮತ್ತು ಮ್ಯಾಮೊಗ್ರಾಮ್ ಎರಡೂ ಬೇಕಾಗುತ್ತವೆ.

ಮೂವರೂ ಹೋಗುವಾಗ ಹಳೆಯ ರಿಪೋರ್ಟು, ಹಳೆಯ ಫಿಲ್ಮು ಅಥವಾ ಸಿ.ಡಿ. ಇದ್ದರೆ ಚೀಲಕ್ಕೆ ಹಾಕಿಕೊಳ್ಳಿ. ಗಂಟು ಸಿಕ್ಕವರು ಮನೆಯಿಂದ ಹೊರಡುವ ಮುನ್ನ ಅದರ ಮೇಲೆ ಬಾಲ್‌ಪೆನ್ನಿನಿಂದ ಒಂದು ಗುರುತು ಹಾಕಿಕೊಳ್ಳಿ. ಮಂಚದ ಮೇಲೆ ಮಲಗಿ ಕೈ ಮೇಲೆತ್ತಿದಾಗ ಗಂಟು ಜಾರಿ, ಎಲ್ಲಿತ್ತೆಂದು ನಿಮಗೇ ಸಿಗದೆ ಹೋಗುವುದುಂಟು.